ದೊಡ್ಡಮ್ಮನ ಹೊಟ್ಟೆಯ ನೀರು

ನಮ್ಮೂರು ಚೇಳೂರಿನಲ್ಲಿ ಹಲಸಿನ ಕಾಲ ಬಂತೆಂದರೆ ದೊಡ್ಡಮ್ಮ ಕೈಗೆ ಎಣ್ಣೆ ಹಚ್ಕೊಂಡು ಹಣ್ಣು ಬಿಡಿಸೋಕೆ ಕೂರೋಳು. ಎಣ್ಣೆ ಇದ್ರೆ ಅಂಟು ಹಿಡಿಯಲ್ಲ. ಒಂದು ವರ್ಷ ಆಕೆಯ ಹೊಟ್ಟೆ ಉಬ್ಬತೊಡಗಿತು. ಗ್ಯಾಸು ಅಂದ್ವಿ, ವಯಸ್ಸು ಅಂದ್ವಿ. ಬೆಂಗಳೂರಿಗೆ ಕರ್ಕೊಂಡು ಬಂದಾಗ ಅಂಡಾಶಯದ ಕ್ಯಾನ್ಸರ್ ಹೊಟ್ಟೆಯೆಲ್ಲ ಹರಡಿತ್ತು. ಸೂಜಿ ಚುಚ್ಚಿ ಬಾಟಲಿಗಟ್ಟಲೆ ಹಳದಿ ನೀರು ತೆಗೆದರು. "ಅಲ್ಲಿ ಹುಟ್ಟಿದ್ದು ಹೊಟ್ಟೆಗೆಲ್ಲ ಹೆಂಗೆ ಬಂತೋ?" ಅಂತ ಅಕ್ಕ ಕೇಳಿದಳು. ಬಿ.ಇ. ಓದಿದ ನನ್ನ ಹತ್ರ ಉತ್ತರ ಇರಲಿಲ್ಲ.

ಆಮೇಲೆ ಓದುತ್ತಾ ಹೋದೆ. ಈ ಪ್ರಶ್ನೆ ಹಳೆಯದು. 1889ರಲ್ಲಿ ಲಂಡನ್ನಿನ ಸ್ಟೀಫನ್ ಪ್ಯಾಜೆಟ್ ಸ್ತನ ಕ್ಯಾನ್ಸರಿನಿಂದ ಸತ್ತ 735 ಮಂದಿಯ ದಾಖಲೆ ನೋಡಿ, ರೋಗ ಸಿಕ್ಕಸಿಕ್ಕಲ್ಲಿ ಬೇರೂರಲ್ಲ ಎಂದರು. ಬೀಜ ಎಲ್ಲಾ ಕಡೆ ಬೀಳುತ್ತೆ, ಒಗ್ಗುವ ಮಣ್ಣಲ್ಲಿ ಮಾತ್ರ ಮೊಳೆಯುತ್ತೆ. ರೈತರ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ ಬದುಕಿರುವವರ ಹೊಟ್ಟೆಯೊಳಗೆ ಕೂತು ಆ ಮಣ್ಣನ್ನು ನೋಡೋದು ಹೇಗೆ? 1907ರಲ್ಲಿ ಅಮೆರಿಕದ ರಾಸ್ ಹ್ಯಾರಿಸನ್ ಕಪ್ಪೆಯ ನರವನ್ನು ದೇಹದ ಹೊರಗೆ ಬೆಳೆಸಿ ತೋರಿಸಿದರು. ಅಲ್ಲಿಂದ ಜೀವಕೋಶಗಳು ಗಾಜಿನ ತಟ್ಟೆಗೆ ಬಂದವು. ಬರೀ ಕ್ಯಾನ್ಸರ್ ಕೋಶ ಬೆಳೆಸಿದರೆ ಬೀಜ ಸಿಕ್ಕಂತಾಯ್ತು, ಮಣ್ಣು ಸಿಗಲಿಲ್ಲ.

1985ರಲ್ಲಿ ಅಮೆರಿಕದ ಸಂಶೋಧಕರು ಹೊಟ್ಟೆಯ ಒಳಪೊರೆಯ ಕೋಶಗಳನ್ನೇ ತಟ್ಟೆಯಲ್ಲಿ ಹಾಸಿ, ಮೇಲೆ ಅಂಡಾಶಯದ ಕ್ಯಾನ್ಸರ್ ಕೋಶಗಳನ್ನು ಬಿಟ್ಟರು. ಅವು ಪೊರೆಗಿಂತ ಅದರಡಿಯ ಪ್ರೋಟೀನು ಹಾಸಿಗೇ ಬೇಗ, ಗಟ್ಟಿಯಾಗಿ ಅಂಟಿದವು. ಒಳಪೊರೆ ಒಂಥರಾ ದೊಡ್ಡಮ್ಮನ ಕೈಯ ಎಣ್ಣೆ! 2007ರಲ್ಲಿ ಷಿಕಾಗೋದಲ್ಲಿ ಕರುಳಿನ ಮುಂದೆ ಇಳಿಬಿದ್ದಿರುವ ಕೊಬ್ಬಿನ ಪದರದ ಮಾದರಿಯನ್ನು ಪದರಪದರವಾಗಿ ಕಟ್ಟಿದರು. 2011ರಲ್ಲಿ ಹಾರ್ವರ್ಡ್‌ನವರು, ಕ್ಯಾನ್ಸರ್ ಕೋಶಗಳ ಉಂಡೆಗಳು ಬಲ ಹಾಕಿ ಒಳಪೊರೆಯ ಕೋಶಗಳನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿಕೊಳ್ಳುವುದನ್ನು ಕಂಡರು.

ಇದೆಲ್ಲ ಪರದೇಶದ ಮಾತು ಅಂದ್ಕೊಂಡಿದ್ದೆ. ಆದರೆ ದೊಡ್ಡಮ್ಮನ್ನ ಕರ್ಕೊಂಡು ಬಂದ ಬೆಂಗಳೂರಲ್ಲೇ, ಟಾಟಾ ಇನ್‌ಸ್ಟಿಟ್ಯೂಟ್ ಅಂತ ನಾವು ಕರೆಯೋ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ರಾಮ್‌ರಾಯ್ ಭಟ್ ಅವರ ತಂಡ ಇದನ್ನೇ ನೋಡುತ್ತಿದೆ. ಅವರು ಅಭ್ಯಾಸ ಮಾಡುವ ಉಂಡೆಗಳು ರೋಗಿಗಳ ಹೊಟ್ಟೆಯಿಂದ ತೆಗೆದ ಅದೇ ನೀರಿನಲ್ಲಿ ತೇಲುವಂಥವು. 2021ರಲ್ಲಿ ಅವರು ಎರಡು ರೂಪಗಳನ್ನು ವಿವರಿಸಿದರು. ಮೊದಲು ಹಿಪ್ಪುನೇರಳೆ ಹಣ್ಣಿನಂಥ ಗಂಟುಗಂಟು ಉಂಡೆ, ಒಂದಕ್ಕೊಂದು ಸೇರಿಕೊಳ್ಳುತ್ತೆ. ಆಮೇಲೆ ಅದು ನುಣುಪಾಗಿ, ಮೇಲೊಂದು ಪ್ರೋಟೀನಿನ ಹೊದಿಕೆ ಹೊದ್ದು, ಒಳಗೆ ಟೊಳ್ಳಾಗುತ್ತೆ. ಇನ್ನೊಂದನ್ನು ಒಳಗೆ ಬಿಟ್ಟುಕೊಳ್ಳಲ್ಲ. ಆ ಹೊದಿಕೆಯನ್ನು ಕಿಣ್ವ ಹಾಕಿ ಕರಗಿಸಿದರೆ ಟೊಳ್ಳು ಸರಿಯಾಗಿ ಮೂಡಲ್ಲ.

ಅದೇ ತಂಡದ ಮುಂದಿನ ಕೆಲಸ ಓದಿದಾಗ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಕೀಮೋಥೆರಪಿ ಔಷಧಿಯಿಂದ ಒಳಪೊರೆಯ ಕೋಶಗಳಿಗೂ ಮುಪ್ಪು ಬರಬಹುದು. ಮುಪ್ಪಾದ ಕೋಶಗಳು ಸುರಿಸುವ ಪ್ರೋಟೀನುಗಳ ಹಾಸಿಗೆ ಕ್ಯಾನ್ಸರ್ ಕೋಶಗಳು ಹೆಚ್ಚು ಅಂಟಿಕೊಳ್ಳುತ್ತವೆ. ಹಾಗಂತ ಕೀಮೋ ಬೇಡ ಅಂತಲ್ಲ, ದಯವಿಟ್ಟು ಹಾಗೆ ಓದಬೇಡಿ. ಮದ್ದಿನ ಜೊತೆ ಮಣ್ಣನ್ನೂ ಕಾಯೋ ದಾರಿ ಹುಡುಕಬೇಕು ಅಂತ.

ಸಾಫ್ಟ್‌ವೇರ್‌ನವನಾಗಿ ಒಂದು ಮಾತು. ಟೆಸ್ಟ್ ಸರ್ವರ್‌ನಲ್ಲಿ ಓಡಿದ್ದು ಗಿರಾಕಿಯ ಹತ್ರ ಓಡುತ್ತೆ ಅಂತ ಖಾತ್ರಿ ಇಲ್ಲ. ತಟ್ಟೆಯ ಪೊರೆಯೂ ಹಾಗೇ, ಅದರಲ್ಲಿ ಇಡೀ ದೇಹ ಇಲ್ಲ. ಆದರೆ ಟೆಸ್ಟ್ ಇಲ್ಲದೆ ತಪ್ಪು ಎಲ್ಲಿದೆ ಅಂತಲೂ ತಿಳಿಯಲ್ಲ.

ದೊಡ್ಡಮ್ಮ ಈಗಿಲ್ಲ. ಕಳೆದ ಸಲ ಊರಿಗೆ ಹೋದಾಗ ಅಕ್ಕನಿಗೆ ಇಷ್ಟನ್ನೂ ಹೇಳಿದೆ: ರಕ್ತದಲ್ಲೇ ಹೋಗಬೇಕಂತಿಲ್ಲ, ಆ ನೀರಲ್ಲೇ ತೇಲ್ಕೊಂಡು ಹೋಗಿ ಅಂಟ್ಕೊಳ್ತಂತೆ ಅಂತ. ಅವಳು ಕೇಳಿದ್ದು ಒಂದೇ, "ನಮಗೆ ಮೊದಲೇ ಗೊತ್ತಾಗಲ್ವಾ?" ಅದಕ್ಕೆ ಇನ್ನೂ ಖಚಿತವಾದ ಪರೀಕ್ಷೆ ಇಲ್ಲ. ಹೊಟ್ಟೆ ಉಬ್ಬರ ವಾರಗಟ್ಟಲೆ ಇಳಿಯದಿದ್ರೆ ಗ್ಯಾಸ್ ಮಾತ್ರೆ ನುಂಗ್ತಾ ಕೂರಬೇಡ, ಡಾಕ್ಟರಿಗೆ ತೋರಿಸು ಅಂದೆ.