ಹಳೆಯ ಮೋಟಾರಿನ ಉಷ್ಣನಿಯಾಮಕ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ರಸ್ತೆಯಲ್ಲಿ, ರಾಮನಗರ ಚನ್ನಪಟ್ಟಣಗಳ ನಡುವೆ, ಹಳೆಯ ಅಂಬಾಸಿಡರೋ ಫಿಯಟ್ಟೋ ಗಂಭೀರವಾಗಿ ಸಾಗುವುದು ಈಗಲೂ ಒಮ್ಮೊಮ್ಮೆ ಕಣ್ಣಿಗೆ ಬೀಳುತ್ತದೆ. 2023ರಲ್ಲಿ ತೆರೆದ ದಶಪಥದ ವೇಗ ಅವಕ್ಕೆ ಬೇಡ. ಇಂಥ ಕಾರನ್ನು ತಂದೆಯಿಂದಲೋ ಮಾವನಿಂದಲೋ ಪಡೆದವರು ಬಾನೆಟ್ಟನ್ನು ಎತ್ತಿ ನೋಡಿದರೆ, ಅನೇಕ ವೇಳೆ ಒಂದು ಸಣ್ಣ ಭಾಗ ಅಲ್ಲಿ ಇರುವುದೇ ಇಲ್ಲ. ಇಂಜಿನಿನಿಂದ ರೇಡಿಯೇಟರಿಗೆ ಬಿಸಿನೀರು ಹೋಗುವ ದಾರಿಯಲ್ಲಿ ಕೂರಬೇಕಾದ ಥರ್ಮೋಸ್ಟ್ಯಾಟನ್ನು ಯಾವನೋ ಮೇಸ್ತ್ರಿ ಎಂದೋ ಕಿತ್ತು ಎಸೆದಿರುತ್ತಾನೆ. ಇದು ಸೀಮೆಯ ಚಳಿಗೆ ಮಾಡಿದ್ದು, ನಮ್ಮ ಬಿಸಿಲಿಗೆ ಇದೇಕೆ ಎಂಬುದು ಅವನ ವಾದ. ವಾದ ಕೇಳಲು ಸೊಗಸಾಗಿದೆ. ಇಂಜಿನಿಗೆ ಮಾತ್ರ ಹಾನಿಕರ.

ಈ ಹೆಸರನ್ನು ರೂಢಿಗೆ ತಂದವನು ಸ್ಕಾಟ್ಲೆಂಡಿನ ರಸಾಯನಜ್ಞ ಆಂಡ್ರೂ ಊರ್, 1830ರಲ್ಲಿ. ಗ್ರೀಕಿನ 'ಥರ್ಮೋಸ್' ಎಂದರೆ ಬಿಸಿ, 'ಸ್ಟಾಟೋಸ್' ಎಂದರೆ ನಿಂತದ್ದು. ಇವು ನಮ್ಮ 'ಘರ್ಮ', 'ಸ್ಥಿತ' ಎಂಬ ಸಂಸ್ಕೃತ ಶಬ್ದಗಳ ಒಡಹುಟ್ಟುಗಳೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಆದ್ದರಿಂದ ಪದವೂ ನಮಗೆ ಅಷ್ಟೊಂದು ಪರಕೀಯವಲ್ಲ! ಹೆಸರಿಗಿಂತ ವಸ್ತು ಹಳೆಯದು. 1633ರಲ್ಲಿ ತೀರಿಕೊಂಡ ಡಚ್ ಯಂತ್ರಜ್ಞ ಕೊರ್ನೆಲಿಸ್ ಡ್ರೆಬೆಲ್ ಮೊಟ್ಟೆ ಮರಿಮಾಡಿಸುವ ಒಲೆಯೊಂದನ್ನು ನಿರ್ಮಿಸಿದ್ದನು. ಕಾವು ಹೆಚ್ಚಿದಾಗ ಉಬ್ಬಿದ ದ್ರವ ಪಾದರಸವನ್ನು ಮೇಲಕ್ಕೆ ತಳ್ಳುತ್ತಿತ್ತು; ಒಲೆಯ ಗಾಳಿಕಂಡಿ ತಾನೇ ಮುಚ್ಚಿಕೊಳ್ಳುತ್ತಿತ್ತು.

ಮೋಟಾರಿಗೆ ಈ ಉಪಾಯ ತಡವಾಗಿ ಬಂದಿತು. 1908ರಲ್ಲಿ ಹೊರಟ ಫೋರ್ಡಿನ 'ಮಾಡೆಲ್ ಟಿ' ಕಾರುಗಳ ಬಹುಪಾಲಿನಲ್ಲಿ ನೀರಿನ ಪಂಪೇ ಇರಲಿಲ್ಲ. ಬಿಸಿನೀರು ಹಗುರ, ತಣ್ಣೀರು ಭಾರ ಎಂಬ ಪ್ರಕೃತಿನಿಯಮದಿಂದಲೇ ನೀರು ಸುತ್ತುತ್ತಿತ್ತು. ಪಂಪು ಬಂದಮೇಲೆ ಬೇರೊಂದು ತೊಡಕು ಹುಟ್ಟಿತು: ಇಂಜಿನು ಕಾಯುವ ಮೊದಲೇ ನೀರು ರೇಡಿಯೇಟರನ್ನು ಸುತ್ತಿ ತಣಿಯತೊಡಗಿತು. 1914ರ ಕ್ಯಾಡಿಲಾಕ್ ಎಂಟು ಸಿಲಿಂಡರಿನ ಕಾರಿನಲ್ಲಿ ಥರ್ಮೋಸ್ಟ್ಯಾಟು ಬಂದಿತು. ಬೇಗ ಆವಿಯಾಗುವ ದ್ರವವನ್ನು ತುಂಬಿದ, ಹಾರ್ಮೋನಿಯಮ್ಮಿನ ತಿದಿಯನ್ನು ಹೋಲುವ ಹಿತ್ತಾಳೆಯ ಮಡಿಕೆಗಳ ಮಾದರಿ ಬಹುಕಾಲ ನಡೆಯಿತು. 1930ರ ದಶಕದಲ್ಲಿ ಸರ್ಜಿಯಸ್ ವರ್ನೆ ಎಂಬಾತ ಮೇಣ ತುಂಬಿದ ಗುಳಿಗೆಯನ್ನು ರೂಪಿಸಿದನು. ಮೇಣ ಕರಗಿ ಹಿಗ್ಗಿದಾಗ ಕದ ತೆರೆಯುತ್ತದೆ. ಇಂದು ಅಂಗಡಿಯಲ್ಲಿ ಸಾಮಾನ್ಯವಾಗಿ ದೊರೆಯುವುದು ಇದೇ.

ಕಾವನ್ನು ಹದದಲ್ಲಿ ನಿಲ್ಲಿಸುವ ವಿದ್ಯೆ ರಾಮನಗರದವರಿಗೆ ಹೊಸದಲ್ಲ. ರೇಷ್ಮೆಗೂಡಿನಿಂದ ನೂಲು ಬಿಚ್ಚುವವರನ್ನು ಕೇಳಿ: ನೀರು ತಣಿದರೆ ಗೂಡಿನ ಅಂಟು ಸಡಿಲವಾಗದೆ ಎಳೆ ಹರಿಯುತ್ತದೆ, ಅತಿಯಾಗಿ ಬೆಂದರೆ ಎಳೆ ಗೋಜಾಗುತ್ತದೆ. ಇಂಜಿನಿನ ಸ್ಥಿತಿಯೂ ಹಾಗೆಯೇ. ತಣ್ಣನೆಯ ಇಂಜಿನಿನಲ್ಲಿ ಪೆಟ್ರೋಲು ಪೂರ್ತಿ ಆವಿಯಾಗದೆ ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದುಬಿಡುತ್ತದೆ. ನೀರಾವಿ ಎಣ್ಣೆಯೊಡನೆ ಸೇರಿ ಕೆಸರಾಗುತ್ತದೆ. ಸವೆತ ಹೆಚ್ಚುತ್ತದೆ, ಪೆಟ್ರೋಲೂ ಹೆಚ್ಚು ಖರ್ಚಾಗುತ್ತದೆ.

ಥರ್ಮೋಸ್ಟ್ಯಾಟು ಇಂಜಿನಿನ ಕಾವಿಗೆ ಕೆಳಗಿನ ಎಲ್ಲೆಯನ್ನು ಮಾತ್ರ ಕಟ್ಟುತ್ತದೆ. ಪೂರ್ತಿ ತೆರೆದ ಮೇಲೆ ಮಿಕ್ಕದ್ದು ರೇಡಿಯೇಟರಿನ ಕೆಲಸ. ಮಾಗಡಿಯ ಏರಿನಲ್ಲೋ, ಕನಕಪುರದಿಂದ ಸಂಗಮಕ್ಕೆ ಹೋಗಿ ಮರಳುವ ಬೇಸಗೆಯ ದಾರಿಯಲ್ಲೋ ನೀರು ಕುದಿದರೆ, ಮೊದಲು ಶಂಕಿಸಬೇಕಾದದ್ದು ಕೊಳವೆಬಾವಿಯ ಗಡಸು ನೀರು. ಬಚ್ಚಲ ಹಂಡೆಯಲ್ಲಿ ಕಟ್ಟುವ ಸುಣ್ಣವೇ ರೇಡಿಯೇಟರಿನ ಸಣ್ಣ ನಳಿಗೆಗಳಲ್ಲಿಯೂ ಕಟ್ಟುತ್ತದೆ. ಇನ್ನು ಕೆಲವು ಇಂಜಿನುಗಳಲ್ಲಿ ಥರ್ಮೋಸ್ಟ್ಯಾಟನ್ನು ಕಿತ್ತರೆ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಒಳದಾರಿಯಲ್ಲೇ ಸುತ್ತಿ, ತಣಿಯುವ ಬದಲು ಇನ್ನಷ್ಟು ಕಾಯುವುದುಂಟು. ಮೇಸ್ತ್ರಿಯ ವಾದ ಇಲ್ಲಿ ಪೂರಾ ತಲೆಕೆಳಗಾಗುತ್ತದೆ.

ಹಾಗಾದರೆ ಯಾವ ಅಂಕಿಯದನ್ನು ಆರಿಸಬೇಕು? 1959ರ ಸುಮಾರಿಗೆ ಅಂಬಾಸಿಡರಿಗೆ ಬಂದ 1489 ಸಿ.ಸಿ. ಇಂಜಿನು ಬ್ರಿಟನ್ನಿನ 'ಬಿ ಸೀರೀಸ್' ವಂಶದ್ದು. ಅದೇ ವಂಶದ ಎಂ.ಜಿ.ಬಿ. ಕಾರಿಗೆ ಸಾಧಾರಣ ಹವೆಯಲ್ಲಿ 82 ಡಿಗ್ರಿ, ಉಷ್ಣದೇಶಕ್ಕೆ 74, ಶೀತದೇಶಕ್ಕೆ 88 ಎಂದು ತಯಾರಕರು ಗೊತ್ತುಮಾಡಿದ್ದರು. ಉಷ್ಣದೇಶಕ್ಕೂ ಒಂದು ಅಂಕಿ ಇತ್ತೆಂಬುದನ್ನು ಗಮನಿಸಬೇಕು. ಕಿತ್ತೆಸೆಯಿರಿ ಎಂದು ಅವರು ಹೇಳಲಿಲ್ಲ. ನಮ್ಮ ನಾಲ್ಕು ಊರುಗಳು ಸಮುದ್ರಮಟ್ಟದಿಂದ ಸುಮಾರು 600ರಿಂದ 950 ಮೀಟರ್ ಎತ್ತರದಲ್ಲಿವೆ. ಇಲ್ಲಿ ನೀರು 100ಕ್ಕಲ್ಲ, 97 ಅಥವಾ 98 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರಿನ ಒತ್ತಡದ ಮುಚ್ಚಳ ಸರಿಯಾಗಿದ್ದರೆ ಈ ಮಿತಿ ಮೇಲೇರುತ್ತದೆ. ಹಳೆಯ ಕಾರುಗಳಲ್ಲಿ ಅದನ್ನು ನೆಚ್ಚುವಂತಿಲ್ಲ. ಆದ್ದರಿಂದ 88ರದು ನಮಗೆ ಬೇಡ. ರೇಡಿಯೇಟರು ಶುದ್ಧವಾಗಿದ್ದರೆ 82, ಬೇಸಗೆಯಲ್ಲಿ ಭಾರ ಹೊತ್ತು ಓಡಾಡುವುದಾದರೆ 74 ಎಂಬುದು ನನ್ನ ಅಭಿಪ್ರಾಯ. ಫಿಯಟ್ ಮೊದಲಾದವಕ್ಕೆ ಅವುಗಳ ಕೈಪಿಡಿಯೇ ಪ್ರಮಾಣ.

ಹಳೆಯ ಮಡಿಕೆಯ ಮಾದರಿ ಸಿಕ್ಕಿದರೆ ತಾತ್ಸಾರ ಬೇಡ. ಅದು ಕೆಟ್ಟಾಗ ಸಾಮಾನ್ಯವಾಗಿ ತೆರೆದೇ ನಿಲ್ಲುತ್ತದೆ, ಇಂಜಿನು ಉಳಿಯುತ್ತದೆ. ಮೇಣದ್ದು ಕೆಟ್ಟು ಮುಚ್ಚಿಕೊಳ್ಳುವುದುಂಟು. ಆದರೆ ಒತ್ತಡದ ಮುಚ್ಚಳವುಳ್ಳ ಕಾರಿನಲ್ಲಿ ಮಡಿಕೆಯದರ ಲೆಕ್ಕ ತಪ್ಪುತ್ತದೆ, ಅಲ್ಲಿ ಮೇಣದ್ದೇ ಸರಿ. ಯಾವುದನ್ನೇ ಕೊಂಡರೂ ಕೂರಿಸುವ ಮುನ್ನ ದಾರ ಕಟ್ಟಿ, ತಳಕ್ಕೆ ತಾಗದಂತೆ, ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ಪಕ್ಕದಲ್ಲಿ ಉಷ್ಣಮಾಪಕವಿಟ್ಟು ಕಾಯಿಸಿ ನೋಡಬೇಕು. ಅದರ ಮೇಲೆ ಒತ್ತಿರುವ ಅಂಕಿಯ ಹತ್ತಿರ ಕದ ಬಿರಿಯತೊಡಗಿ, ಇನ್ನೊಂದು ಹತ್ತು ಹದಿನೈದು ಡಿಗ್ರಿಯೊಳಗೆ ಪೂರ್ತಿ ತೆರೆಯಬೇಕು. ಕೂರಿಸುವಾಗ ಮೇಣದ ಗುಳಿಗೆ ಇಂಜಿನಿನ ಕಡೆಗಿರಲಿ. ಗಾಳಿ ಹೊರಬೀಳುವ ಸಣ್ಣ ರಂಧ್ರವಿದ್ದರೆ ಅದು ಮೇಲ್ಭಾಗಕ್ಕೆ ಬರಲಿ.