ಪಿಕಪ್ ವಾಹನದ ಹಿಂಬದಿ ಏರ್ ಬ್ಯಾಗ್

ಹಿಂಬದಿ ಏರ್ ಬ್ಯಾಗ್ ಅಥವಾ ಸಹಾಯಕ ಗಾಳಿ ಸ್ಪ್ರಿಂಗ್ ಎಂಬುದು ಪಿಕಪ್ ಮತ್ತು ಲಘು ಸರಕು ವಾಹನಗಳಲ್ಲಿ ಹಿಂದಿನ ಆಕ್ಸಲ್ ಹಾಗೂ ಚಾಸಿಯ ನಡುವೆ ಅಳವಡಿಸುವ, ಗಾಳಿ ತುಂಬಿದ ರಬ್ಬರ್ ಚೀಲ. ವಾಹನದಲ್ಲಿ ಮೊದಲೇ ಇರುವ ಕಮಾನು ಪಟ್ಟಿಯನ್ನಾಗಲಿ ಸುರುಳಿ ಸ್ಪ್ರಿಂಗನ್ನಾಗಲಿ ಇದಕ್ಕಾಗಿ ತೆಗೆಯುವುದಿಲ್ಲ. ಚೀಲವು ಅವುಗಳ ಜೊತೆಗಿದ್ದು ಹೊರೆಯ ಒಂದು ಪಾಲನ್ನು ಹೊರುತ್ತದೆ. ಟ್ರೇಲರ್ ಎಳೆಯುವಾಗ ಅಥವಾ ಭಾರವಾದ ಸರಕು ಹೇರಿದಾಗ ವಾಹನದ ಹಿಂಭಾಗ ಕುಸಿಯದಂತೆ, ಅದರ ಮಟ್ಟವನ್ನು ಕಾಯ್ದುಕೊಳ್ಳುವುದು ಇದರ ಉದ್ದೇಶ. ಅಪಘಾತದ ವೇಳೆ ಪ್ರಯಾಣಿಕರನ್ನು ರಕ್ಷಿಸುವ ಏರ್‌ಬ್ಯಾಗಿಗೂ ಇದಕ್ಕೂ ಹೆಸರಿನ ಹೋಲಿಕೆಯಲ್ಲದೆ ಬೇರೆ ಸಂಬಂಧವಿಲ್ಲ.

ಏರ್ ಬ್ಯಾಗ್ ವಾಹನದ ಎತ್ತರವನ್ನು ಸರಿಪಡಿಸುತ್ತದೆಯೇ ಹೊರತು ಅದರ ಅನುಮತಿತ ಭಾರವನ್ನು ಹೆಚ್ಚಿಸುವುದಿಲ್ಲ. ಚೀಲದ ಮೂಲಕ ಹಾದುಹೋದ ತೂಕವೂ ಕೊನೆಗೆ ಅದೇ ಆಕ್ಸಲ್, ಬೇರಿಂಗ್, ಚಕ್ರ ಮತ್ತು ಟೈರುಗಳ ಮೇಲೆಯೇ ಬೀಳುತ್ತದೆ.

ಇತಿಹಾಸ

ಗಾಳಿಯನ್ನು ಒತ್ತಿದಾಗ ಅದು ಸ್ಪ್ರಿಂಗಿನಂತೆ ಪ್ರತಿರೋಧ ತೋರುತ್ತದೆ ಎಂಬುದಕ್ಕೆ 1662ರಲ್ಲಿ ರಾಬರ್ಟ್ ಬಾಯ್ಲ್ ಪ್ರಕಟಿಸಿದ ನಿಯಮವೇ ಆಧಾರ. ಈ ತತ್ತ್ವ ರಸ್ತೆಯ ವಾಹನಗಳಲ್ಲಿ ವ್ಯಾಪಕವಾಗಿ ಬಳಕೆಗೆ ಬಂದದ್ದು ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ. ಅಮೆರಿಕದ ಏರ್ ಲಿಫ್ಟ್ ಕಂಪನಿಯು 1949ರಲ್ಲಿ ಮಿಷಿಗನ್ ರಾಜ್ಯದ ಲ್ಯಾನ್ಸಿಂಗ್‌ನಲ್ಲಿ ಆರಂಭವಾಯಿತು. 1950ರ ದಶಕದಲ್ಲಿ ಜನರಲ್ ಮೋಟರ್ಸ್ ಸಂಸ್ಥೆಯ ದೂರಪ್ರಯಾಣದ ಬಸ್ಸುಗಳಿಗೆ ಗಾಳಿ ಸ್ಪ್ರಿಂಗ್ ಬಂದಿತು. ಅದೇ ಸಂಸ್ಥೆಯ ಕ್ಯಾಡಿಲಾಕ್ ಎಲ್ಡೊರಾಡೊ ಬ್ರೂಮ್ ಕಾರು 1957ರಲ್ಲಿ ಗಾಳಿ ಸಸ್ಪೆನ್ಷನ್ನಿನೊಂದಿಗೆ ಮಾರುಕಟ್ಟೆಗೆ ಬಂದಿತು.

ಕರ್ನಾಟಕದ ಪ್ರಯಾಣಿಕರಿಗೆ ಈ ವ್ಯವಸ್ಥೆ ಹೆಚ್ಚಾಗಿ ಪರಿಚಯವಾದದ್ದು ವೋಲ್ವೊ ಬಸ್ಸುಗಳಿಂದ. 2001ರಲ್ಲಿ ಭಾರತಕ್ಕೆ ಬಂದ ವೋಲ್ವೊ ಬಿ7ಆರ್ ಮಾದರಿಯ ಬಸ್ಸುಗಳನ್ನು ರಾಜ್ಯ ರಸ್ತೆ ಸಾರಿಗೆ ನಿಗಮವು ‘ಐರಾವತ’ ಎಂಬ ಹೆಸರಿನಲ್ಲಿ ಓಡಿಸಿತು. ಅಂತಹ ಬಸ್ಸುಗಳಲ್ಲಿ ಇಡೀ ಹೊರೆಯನ್ನು ಗಾಳಿ ಚೀಲಗಳೇ ಹೊರುತ್ತವೆ. ಗ್ಯಾರೇಜುಗಳಲ್ಲಿ ಇವನ್ನು ‘ಬೆಲ್ಲೋ’ ಎನ್ನುವ ರೂಢಿಯಿದೆ. ಪಿಕಪ್‌ಗಳ ಏರ್ ಬ್ಯಾಗ್ ಅದರ ಚಿಕ್ಕ, ಸಹಾಯಕ ರೂಪ.

ಕಾರ್ಯತತ್ತ್ವ

ಚೀಲವು ಹೊರುವ ಬಲವು ಒಳಗಿನ ಗಾಳಿಯ ಒತ್ತಡ ಮತ್ತು ಚೀಲದ ಪರಿಣಾಮಕಾರಿ ವಿಸ್ತೀರ್ಣಗಳ ಗುಣಲಬ್ಧ. ಉದಾಹರಣೆಗೆ, 120 ಚದರ ಸೆಂಟಿಮೀಟರ್ ವಿಸ್ತೀರ್ಣದ ಚೀಲದಲ್ಲಿ ಚದರ ಸೆಂಟಿಮೀಟರಿಗೆ 2 ಕಿಲೋಗ್ರಾಂ ಒತ್ತಡವಿದ್ದರೆ ಆ ಚೀಲ 240 ಕಿಲೋಗ್ರಾಂ ಹೊರೆಯನ್ನು ಹೊರುತ್ತದೆ. ಇದು ಪಂಕ್ಚರ್ ಅಂಗಡಿಯ ಮೀಟರಿನಲ್ಲಿ ಸುಮಾರು 28 ಪಿಎಸ್‌ಐ ಆಗುತ್ತದೆ.

ಕಮಾನು ಪಟ್ಟಿಯ ಬಿರುಸು ಅದನ್ನು ತಯಾರಿಸುವಾಗಲೇ ಬಹುಮಟ್ಟಿಗೆ ನಿಶ್ಚಯವಾಗಿರುತ್ತದೆ. ಪೂರ್ಣ ಹೊರೆಗೆ ಹೊಂದುವ ಪಟ್ಟಿಯು ಖಾಲಿ ವಾಹನದಲ್ಲಿ ಕುಲುಕುತ್ತದೆ. ಖಾಲಿ ವಾಹನಕ್ಕೆ ಹಿತವಾದ ಪಟ್ಟಿಯು ಹೊರೆ ಬಿದ್ದಾಗ ಕುಸಿಯುತ್ತದೆ. ಏರ್ ಬ್ಯಾಗಿನಲ್ಲಿ ಗಾಳಿಯನ್ನು ಏರಿಸಿ ಇಳಿಸಿ ಬಿರುಸನ್ನು ಬದಲಿಸಬಹುದು. ಚೀಲವು ಕುಗ್ಗಿದಷ್ಟೂ ಅದರ ಪ್ರತಿರೋಧ ಹೆಚ್ಚುವುದರಿಂದ ಗುಂಡಿಗಳಲ್ಲಿ ಆಕ್ಸಲ್ ಚಾಸಿಗೆ ಬಡಿಯುವುದೂ ಕಡಿಮೆಯಾಗುತ್ತದೆ.

ಟ್ರೇಲರ್ ಎಳೆಯುವಾಗ ತೂಕದ ಹಂಚಿಕೆ

ಟ್ರೇಲರಿನ ಮುಂತುದಿಯು ವಾಹನದ ಕೊಂಡಿಯ ಮೇಲೆ ಕೆಳಮುಖವಾಗಿ ಹಾಕುವ ಭಾರವನ್ನು ಕೊಂಡಿಯ ತೂಕ ಎನ್ನಬಹುದು. ಒಂದು ಆಕ್ಸಲ್ ಅಥವಾ ಒತ್ತಾಗಿರುವ ಎರಡು ಆಕ್ಸಲ್‌ಗಳ ಟ್ರೇಲರ್‌ಗಳಲ್ಲಿ ಇದು ಟ್ರೇಲರಿನ ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟಿರಬೇಕೆಂಬುದು ಅಮೆರಿಕದಲ್ಲಿ ರೂಢಿಯಲ್ಲಿರುವ ಮಾರ್ಗದರ್ಶಿ. ಇದಕ್ಕಿಂತ ತೀರಾ ಕಡಿಮೆಯಾದರೆ ವೇಗದಲ್ಲಿ ಟ್ರೇಲರ್ ಬಾಲದಂತೆ ಅತ್ತಿತ್ತ ತೂಗಾಡುವ ಅಪಾಯವಿದೆ.

ಕೊಂಡಿಯು ಹಿಂದಿನ ಆಕ್ಸಲ್‌ನಿಂದಲೂ ಹಿಂದಕ್ಕೆ ಇರುವುದರಿಂದ ಈ ಭಾರವು ಸನ್ನೆಗೋಲಿನಂತೆ ಕೆಲಸ ಮಾಡುತ್ತದೆ. ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ 3 ಮೀಟರ್ ಅಂತರವಿದ್ದು, ಕೊಂಡಿಯು ಹಿಂದಿನ ಆಕ್ಸಲ್‌ನಿಂದ 1.2 ಮೀಟರ್ ಹಿಂದಿದೆ ಎಂದುಕೊಂಡರೆ, 200 ಕಿಲೋಗ್ರಾಂ ಕೊಂಡಿಯ ತೂಕಕ್ಕೆ ಹಿಂದಿನ ಆಕ್ಸಲ್ ಮೇಲೆ 280 ಕಿಲೋಗ್ರಾಂ ಭಾರ ಹೆಚ್ಚುತ್ತದೆ. ಉಳಿದ 80 ಕಿಲೋಗ್ರಾಂ ಮುಂದಿನ ಚಕ್ರಗಳಿಂದ ಕಳೆದ ತೂಕ. ಸ್ಟೀರಿಂಗ್ ಹಗುರಾಗುವುದು, ಮುಂದಿನ ಬ್ರೇಕುಗಳ ಹಿಡಿತ ತಗ್ಗುವುದು, ಹೆಡ್‌ಲೈಟಿನ ಬೆಳಕು ಎದುರಿನ ಚಾಲಕರ ಕಣ್ಣಿಗೆ ಹೊಡೆಯುವುದು ಇದರ ಪರಿಣಾಮಗಳು.

ಏರ್ ಬ್ಯಾಗಿಗೆ ಗಾಳಿ ತುಂಬಿದಾಗ ವಾಹನ ಮಟ್ಟಕ್ಕೆ ಬರುತ್ತದೆ, ಹೆಡ್‌ಲೈಟಿನ ಕೋನ ಸರಿಯಾಗುತ್ತದೆ. ಆದರೆ ಮುಂದಿನ ಚಕ್ರಗಳು ಕಳೆದುಕೊಂಡ 80 ಕಿಲೋಗ್ರಾಂ ಹಿಂತಿರುಗುವುದಿಲ್ಲ. ಅದನ್ನು ಹಿಂತಿರುಗಿಸಲು ತೂಕವನ್ನು ಹಂಚುವ ವಿಶೇಷ ಕೊಂಡಿ ಬೇಕು, ಇಲ್ಲವೇ ಟ್ರೇಲರಿನಲ್ಲಿ ಹೊರೆಯನ್ನು ಮರುಜೋಡಿಸಬೇಕು. ನೋಟಕ್ಕೆ ಮಟ್ಟವಾಗಿರುವ ವಾಹನದ ತೂಕವೂ ಸರಿಯಾಗಿ ಹಂಚಿಕೆಯಾಗಿದೆ ಎಂದು ಭಾವಿಸುವುದು ಈ ಸಾಧನದ ಬಳಕೆಯಲ್ಲಿ ಸಾಮಾನ್ಯವಾದ ತಪ್ಪು ತಿಳಿವಳಿಕೆ.

ಆಯ್ಕೆ

ಆಯ್ಕೆಯ ಮೊದಲ ಹೆಜ್ಜೆ ವಾಹನವನ್ನು ತೂಗಿಸುವುದು. ವೇ ಬ್ರಿಡ್ಜ್‌ನಲ್ಲಿ ಮೊದಲು ಇಡೀ ವಾಹನವನ್ನೂ ಬಳಿಕ ಮುಂದಿನ ಚಕ್ರಗಳನ್ನು ಮಾತ್ರವೂ ತೂಗಿಸಿ ಕಳೆದರೆ ಹಿಂದಿನ ಆಕ್ಸಲ್‌ನ ಭಾರ ತಿಳಿಯುತ್ತದೆ. ಖಾಲಿಯಿದ್ದಾಗ ಮತ್ತು ಹೊರೆ ಹೇರಿದಾಗ ಹೀಗೆ ಎರಡು ಬಾರಿ ತೂಗಿಸಿ, ತಯಾರಕರು ನಮೂದಿಸಿರುವ ಆಕ್ಸಲ್ ಮಿತಿಯೊಂದಿಗೆ ಹೋಲಿಸಬೇಕು. ಮಿತಿ ಮೀರಿದ್ದರೆ ಅದಕ್ಕೆ ಪರಿಹಾರ ಹೊರೆಯನ್ನು ಇಳಿಸುವುದು, ಏರ್ ಬ್ಯಾಗ್ ಅಲ್ಲ. ಮಿತಿಯೊಳಗಿದ್ದೂ ಹಿಂಭಾಗ ಅತಿಯಾಗಿ ಕುಸಿಯುತ್ತಿದ್ದರೆ, ಹಳೆಯ ಪಟ್ಟಿಗಳು ಸೋತಿವೆಯೇ ಅಥವಾ ಮುರಿದಿವೆಯೇ ಎಂದು ಪರೀಕ್ಷಿಸಬೇಕು. ಪಟ್ಟಿಗಳು ಸರಿಯಿದ್ದಾಗ ಮಾತ್ರ ಏರ್ ಬ್ಯಾಗಿನ ಆಯ್ಕೆಗೆ ಅರ್ಥವಿದೆ.

ಪ್ರಚಲಿತವಿರುವ ಮುಖ್ಯ ಬಗೆಗಳು ಇವು:

• ಸುರುಳಿಯೊಳಗಿನ ಚೀಲ: ಸುರುಳಿ ಸ್ಪ್ರಿಂಗಿನ ಒಳಗೆ ಕೂರುವ ಉರುಳೆಯಾಕಾರದ ಚೀಲ. ಇದರ ಗರಿಷ್ಠ ಒತ್ತಡ ಸಾಮಾನ್ಯವಾಗಿ 35 ಪಿಎಸ್‌ಐ ಆಸುಪಾಸು. ಹಗುರ ಹೊರೆಗೆ ಸೂಕ್ತ.

• ಮಡಿಕೆಯ ಚೀಲ: ಒಂದರ ಮೇಲೊಂದು ಎರಡು ಉಬ್ಬುಗಳಿರುವ ದಪ್ಪ ರಬ್ಬರ್ ಚೀಲ. ಕಮಾನು ಪಟ್ಟಿಯ ಪಿಕಪ್‌ಗಳಲ್ಲಿ ಹೆಚ್ಚು ಬಳಕೆ. ಹಲವು ಮಾದರಿಗಳ ಗರಿಷ್ಠ ಒತ್ತಡ 100 ಪಿಎಸ್‌ಐ.

• ತೋಳಿನ ಚೀಲ: ಕೆಳಗಿನ ದಿಂಡಿನ ಮೇಲೆ ಉರುಳುತ್ತಾ ಮಡಿಚಿಕೊಳ್ಳುವ ಉದ್ದನೆಯ ಚೀಲ. ಹೆಚ್ಚು ಚಲನೆಗೆ ಅವಕಾಶವಿದ್ದು ಸವಾರಿ ಮೃದುವಾಗಿರುತ್ತದೆ.

ಎಡ ಮತ್ತು ಬಲ ಚೀಲಗಳಿಗೆ ಒಂದೇ ಗಾಳಿ ಕೊಳವೆಯನ್ನು ಕವಲೊಡೆಸಬಹುದು, ಅಥವಾ ಪ್ರತ್ಯೇಕ ಕೊಳವೆ ಇಡಬಹುದು. ಒಂದೇ ಕೊಳವೆಯಿದ್ದರೆ ತಿರುವಿನಲ್ಲಿ ಭಾರ ಬಿದ್ದ ಚೀಲದಿಂದ ಗಾಳಿ ಇನ್ನೊಂದು ಚೀಲಕ್ಕೆ ಹರಿದು ವಾಹನ ಹೆಚ್ಚು ವಾಲುತ್ತದೆ. ಪ್ರತ್ಯೇಕ ಕೊಳವೆಯಲ್ಲಿ ಈ ತೊಂದರೆಯಿಲ್ಲ. ಒಂದು ಮಗ್ಗುಲಿಗೆ ಹೊರೆ ಹೆಚ್ಚಾದಾಗ ಆ ಬದಿಗೆ ಮಾತ್ರ ಗಾಳಿ ಹೆಚ್ಚಿಸಲೂ ಬಹುದು.

ಏರ್ ಬ್ಯಾಗಿಗೆ ಪರ್ಯಾಯಗಳೂ ಇವೆ. ಹೆಚ್ಚುವರಿ ಕಮಾನು ಪಟ್ಟಿ, ಅಂದರೆ ಹೆಲ್ಪರ್ ಪಟ್ಟಿ, ಗಾಳಿ ಸೋರುವ ಚಿಂತೆಯಿಲ್ಲದ ಗಟ್ಟಿ ಉಪಾಯ. ಸದಾ ಒಂದೇ ಪ್ರಮಾಣದ ಹೊರೆ ಸಾಗಿಸುವ ವಾಹನಕ್ಕೆ ಅದು ಸಾಕು. ಹೋಗುವಾಗ ಹೊರೆ, ಬರುವಾಗ ಖಾಲಿ ಎಂಬಂತೆ ಓಡುವ ವಾಹನಕ್ಕೆ ಏರ್ ಬ್ಯಾಗ್ ಹೆಚ್ಚು ಹೊಂದುತ್ತದೆ.

ಅಳವಡಿಕೆ

ಅಳವಡಿಸುವ ಮೊದಲು ಸಮತಟ್ಟಾದ ನೆಲದಲ್ಲಿ ಖಾಲಿ ವಾಹನವನ್ನು ನಿಲ್ಲಿಸಿ, ನಾಲ್ಕೂ ಚಕ್ರಗಳ ನಡುಬಿಂದುವಿನಿಂದ ಮೇಲಿನ ಮಡ್‌ಗಾರ್ಡಿನ ಅಂಚಿನವರೆಗಿನ ಎತ್ತರವನ್ನು ಬರೆದಿಟ್ಟುಕೊಳ್ಳಲಾಗುತ್ತದೆ. ಮುಂದಿನ ಚಕ್ರಗಳಿಗೆ ಅಡೆ ಕೊಟ್ಟು, ಹಿಂಭಾಗವನ್ನು ಜಾಕ್‌ನಿಂದ ಎತ್ತಿ, ಚಾಸಿಯನ್ನು ಭದ್ರವಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಬೇಕು. ಜಾಕ್ ಒಂದರ ಆಧಾರದಲ್ಲಿರುವ ವಾಹನದ ಕೆಳಗೆ ಕೆಲಸ ಮಾಡುವುದು ಪ್ರಾಣಾಪಾಯಕರ.

ಕಮಾನು ಪಟ್ಟಿಯ ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಬಂಪ್ ಸ್ಟಾಪ್ ರಬ್ಬರನ್ನು ತೆಗೆದು, ಆ ಜಾಗದಲ್ಲಿ ಚೀಲದ ಮೇಲಿನ ಬ್ರ್ಯಾಕೆಟನ್ನು ಚಾಸಿಗೆ ಬಿಗಿಯಲಾಗುತ್ತದೆ. ಕೆಳಗಿನ ಬ್ರ್ಯಾಕೆಟ್ ಪಟ್ಟಿಯ ಕಟ್ಟಿನ ಮೇಲೆ, ಆಕ್ಸಲ್‌ಗೆ ಹೊಂದಿಕೊಂಡು ಕೂರುತ್ತದೆ. ಆ ವಾಹನ ಮಾದರಿಗೆಂದೇ ತಯಾರಾದ ಬ್ರ್ಯಾಕೆಟ್‌ಗಳಿಗೆ ಚಾಸಿಯಲ್ಲಿರುವ ರಂಧ್ರಗಳೇ ಸಾಕಾಗುವುದು ಹೆಚ್ಚು. ಸೂಚನೆಯಿಲ್ಲದೆ ಚಾಸಿಗೆ ಹೊಸ ರಂಧ್ರ ಕೊರೆಯುವುದು ಅಥವಾ ವೆಲ್ಡಿಂಗ್ ಮಾಡುವುದು ಅದರ ಬಲವನ್ನು ಕುಂದಿಸಬಹುದು.

ಗಾಳಿ ತುಂಬಿ ಉಬ್ಬಿದ ಚೀಲದ ಸುತ್ತ ಯಾವ ಭಾಗವೂ ತಾಗದಂತೆ ಕನಿಷ್ಠ ಅರ್ಧ ಅಂಗುಲದಷ್ಟು ತೆರಪಿರಬೇಕು. ಸೈಲೆನ್ಸರ್ ಕೊಳವೆಯಿಂದ ಸುಮಾರು ಆರು ಅಂಗುಲ ದೂರ ಸಿಗದಿದ್ದರೆ ಶಾಖ ತಡೆಯುವ ತಗಡನ್ನು ಹಾಕಲಾಗುತ್ತದೆ. ಗಾಳಿ ಕೊಳವೆಯನ್ನು ಹರಿತವಾದ ಬ್ಲೇಡಿನಿಂದ ನೇರವಾಗಿ ಕತ್ತರಿಸಬೇಕು. ಓರೆಯಾಗಿ ಕತ್ತರಿಸಿದ ತುದಿ ಸೋರಿಕೆಗೆ ಮುಖ್ಯ ಕಾರಣ. ಕೆಲಸ ಮುಗಿದ ಮೇಲೆ ಗಾಳಿ ತುಂಬಿ, ಜೋಡಣೆಗಳಿಗೆ ಸೋಪಿನ ನೀರು ಸವರಿ ಗುಳ್ಳೆ ಏಳುವುದೇ ಎಂದು ನೋಡಲಾಗುತ್ತದೆ. ಮರುದಿನ ಒತ್ತಡವನ್ನು ಮತ್ತೊಮ್ಮೆ ಅಳೆದು, ಕೆಲವು ನೂರು ಕಿಲೋಮೀಟರ್ ಓಡಿದ ಬಳಿಕ ಬೋಲ್ಟುಗಳನ್ನು ಪುನಃ ಬಿಗಿಯಲಾಗುತ್ತದೆ.

ಕೆಲವು ಪಿಕಪ್‌ಗಳಲ್ಲಿ ಹಿಂದಿನ ಬ್ರೇಕಿನ ಒತ್ತಡವನ್ನು ಹೊರೆಗೆ ತಕ್ಕಂತೆ ನಿಯಂತ್ರಿಸುವ ವಾಲ್ವ್ ಇರುತ್ತದೆ. ಅದು ಚಾಸಿ ಮತ್ತು ಆಕ್ಸಲ್ ನಡುವಿನ ಎತ್ತರವನ್ನು ನೋಡಿ ಹೊರೆಯನ್ನು ಅಂದಾಜಿಸುತ್ತದೆ. ಏರ್ ಬ್ಯಾಗಿನಿಂದ ಹಿಂಭಾಗ ಮೇಲೆದ್ದಾಗ ವಾಹನ ಖಾಲಿಯಿದೆ ಎಂಬಂತೆ ವರ್ತಿಸಿ, ತುಂಬಿದ ವಾಹನಕ್ಕೂ ಹಿಂದಿನ ಬ್ರೇಕನ್ನು ತಗ್ಗಿಸುತ್ತದೆ. ಆದ್ದರಿಂದ ಅಂತಹ ವಾಹನಗಳಲ್ಲಿ ತಯಾರಕರ ಸೂಚನೆಯಂತೆ ಈ ವಾಲ್ವನ್ನು ಪರಿಶೀಲಿಸುವುದು ಅಳವಡಿಕೆಯ ಭಾಗವೇ ಆಗಿದೆ.

ಬಳಕೆ ಮತ್ತು ನಿರ್ವಹಣೆ

ಖಾಲಿ ವಾಹನದಲ್ಲಿಯೂ ಚೀಲದೊಳಗೆ ಕನಿಷ್ಠ ಒತ್ತಡ, ಹಲವು ಮಾದರಿಗಳಲ್ಲಿ 5 ಪಿಎಸ್‌ಐ, ಇರಬೇಕು. ಪೂರ್ತಿ ಗಾಳಿ ಹೋದ ಚೀಲ ಎರಡು ಲೋಹಗಳ ನಡುವೆ ಸಿಕ್ಕಿ ಹರಿಯುತ್ತದೆ. ಹೊರೆ ಹೇರಿದ ಬಳಿಕ ಹಿಂಭಾಗವು ಮೊದಲೇ ಬರೆದಿಟ್ಟ ಎತ್ತರದ ಸಮೀಪಕ್ಕೆ ಬರುವಷ್ಟು ಮಾತ್ರ ಗಾಳಿ ತುಂಬಬೇಕು, ಅದಕ್ಕಿಂತ ಮೇಲೆತ್ತಬಾರದು. ಹೊರೆ ಇಳಿಸಿದ ಮೇಲೆ ಗಾಳಿಯನ್ನೂ ಇಳಿಸದಿದ್ದರೆ ಹಿಂದಿನ ಚಕ್ರಗಳು ಪುಟಿದು ರಸ್ತೆಯ ಹಿಡಿತ ತಪ್ಪುತ್ತದೆ. ಚೀಲದ ಗಾತ್ರ ಚಿಕ್ಕದಾದ್ದರಿಂದ ಕಂಪ್ರೆಸರಿನಲ್ಲಿ ಒತ್ತಡ ಕ್ಷಣಾರ್ಧದಲ್ಲಿ ಏರುತ್ತದೆ. ಸ್ವಲ್ಪ ಸ್ವಲ್ಪವಾಗಿ ತುಂಬಿ ಮೀಟರ್ ನೋಡುವುದು ಅಗತ್ಯ. ಮಡಿಕೆಗಳಲ್ಲಿ ಸೇರುವ ಮಣ್ಣು ಮತ್ತು ಜಲ್ಲಿ ಚೂರುಗಳು ರಬ್ಬರನ್ನು ಸವೆಸುವುದರಿಂದ ಕಾಲಕಾಲಕ್ಕೆ ನೀರಿನಿಂದ ತೊಳೆಯಬೇಕು.

ಮಿತಿಗಳು ಮತ್ತು ಅಪಾಯಗಳು

ಕಮಾನು ಪಟ್ಟಿಯು ತನ್ನ ಎರಡು ತುದಿಗಳ ಮೂಲಕ ಹೊರೆಯನ್ನು ಚಾಸಿಗೆ ಹಂಚುತ್ತದೆ. ಏರ್ ಬ್ಯಾಗ್ ಆಕ್ಸಲ್‌ನ ನೇರ ಮೇಲಿನ ಒಂದೇ ಬಿಂದುವಿನಲ್ಲಿ ಚಾಸಿಯನ್ನು ಒತ್ತುತ್ತದೆ. ಆಕ್ಸಲ್‌ನ ಹಿಂದೆ ಹೆಚ್ಚು ಭಾರ ನೇತಾಡುತ್ತಿರುವಾಗ ಗುಂಡಿ ಅಥವಾ ಹಂಪ್ ಎದುರಾದರೆ ಆ ಬಿಂದುವಿನಲ್ಲಿ ಚಾಸಿ ಬಾಗುವ ಸಂಭವವಿದೆ. ಭಾರಿ ಕ್ಯಾರವಾನ್‌ಗಳನ್ನು ಪಿಕಪ್‌ಗಳಿಗೆ ಕಟ್ಟಿ ಕಚ್ಚಾ ರಸ್ತೆಗಳಲ್ಲಿ ದೂರ ಸಾಗುವ ಆಸ್ಟ್ರೇಲಿಯಾದಲ್ಲಿ ಚಾಸಿ ಬಾಗುವ ಪ್ರಕರಣಗಳು ಹೆಚ್ಚು ಚರ್ಚೆಗೆ ಬಂದಿವೆ.

ಚಿತ್ರದುರ್ಗ ಜಿಲ್ಲೆಯ ಸಂದರ್ಭ

ಹಿರಿಯೂರು ತಾಲ್ಲೂಕಿನ ಜವನಗೊಂಡನಹಳ್ಳಿ ಬೆಂಗಳೂರು–ಪುಣೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ, ಶಿರಾ ಮತ್ತು ಹಿರಿಯೂರುಗಳ ನಡುವೆ ಇದೆ. ಹಿರಿಯೂರಿನಲ್ಲಿ ಈ ಹೆದ್ದಾರಿಯನ್ನು ಚಳ್ಳಕೆರೆ, ಬಳ್ಳಾರಿ ಕಡೆಯಿಂದ ಬರುವ ಹೆದ್ದಾರಿ 150ಎ ಸಂಧಿಸುತ್ತದೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ತೆಂಗು, ಅಡಿಕೆ, ಈರುಳ್ಳಿ, ದಾಳಿಂಬೆ ಮೊದಲಾದ ಬೆಳೆಗಳ ಸಾಗಣೆಯಲ್ಲಿ ಪಿಕಪ್ ವಾಹನಗಳಿಗೂ ಪಾಲಿದೆ. 2005ರಲ್ಲಿ ಬಂದ ಟಾಟಾ ಏಸ್, 2011ರಲ್ಲಿ ಬಂದ ಅಶೋಕ್ ಲೇಲ್ಯಾಂಡ್ ದೋಸ್ತ್ ಹಾಗೂ ಮಹೀಂದ್ರ ಬೊಲೆರೊ ಪಿಕಪ್‌ಗಳ ಹಿಂಬದಿಯಲ್ಲಿರುವುದು ಕಮಾನು ಪಟ್ಟಿಯೇ.

ಇಲ್ಲಿನ ಕೃಷಿಯಲ್ಲಿ ಟ್ರೇಲರ್ ಎಳೆಯುವ ಕೆಲಸ ಬಹುಮಟ್ಟಿಗೆ ಟ್ರ್ಯಾಕ್ಟರಿನದು; ಪಿಕಪ್ ತನ್ನ ಹೊರೆಯನ್ನು ತಾನೇ ಹೊರುತ್ತದೆ. ಆದರೂ ಮೇಲಿನ ಲೆಕ್ಕ ಇಲ್ಲಿಯೂ ಅನ್ವಯಿಸುತ್ತದೆ. ಆಕ್ಸಲ್‌ನಿಂದ ಹಿಂದಕ್ಕೆ, ಬಾಗಿಲಿನಾಚೆ ಚಾಚುವಂತೆ ಹೇರಿದ ಚೀಲಗಳು ಟ್ರೇಲರಿನ ಕೊಂಡಿಯಂತೆಯೇ ಮುಂದಿನ ಚಕ್ರಗಳನ್ನು ಹಗುರಾಗಿಸುತ್ತವೆ. ಹಳ್ಳಿಯ ಕಚ್ಚಾ ರಸ್ತೆಯಲ್ಲಿ ನಿಧಾನವಾಗಿ ಸಾಗುವಾಗ ತೋರದ ಈ ದೋಷ ಹೆದ್ದಾರಿಯ ವೇಗದಲ್ಲಿ, ಹಠಾತ್ತನೆ ಬ್ರೇಕ್ ಹಾಕಿದಾಗ ಪ್ರಕಟವಾಗುತ್ತದೆ.

ಕಾನೂನು

ಭಾರತದಲ್ಲಿ 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ನಿರ್ದಿಷ್ಟತೆಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ನೋಂದಣಿ ಪತ್ರದಲ್ಲಿರುವ ಒಟ್ಟು ತೂಕವನ್ನು ಮೀರಿ ವಾಹನ ಓಡಿಸುವುದನ್ನು 113ನೆಯ ಕಲಮು ನಿಷೇಧಿಸುತ್ತದೆ. 2019ರ ತಿದ್ದುಪಡಿಯಂತೆ 194ನೆಯ ಕಲಮಿನಡಿ ಅಧಿಕ ಭಾರಕ್ಕೆ 20,000 ರೂಪಾಯಿ ಹಾಗೂ ಪ್ರತಿ ಹೆಚ್ಚುವರಿ ಟನ್‌ಗೆ 2,000 ರೂಪಾಯಿ ದಂಡವಿದ್ದು, ಹೆಚ್ಚಿನ ಹೊರೆಯನ್ನು ಇಳಿಸುವ ವೆಚ್ಚವನ್ನೂ ಭರಿಸಬೇಕಾಗುತ್ತದೆ. ಏರ್ ಬ್ಯಾಗ್ ಅಳವಡಿಸಿದ ಮಾತ್ರಕ್ಕೆ ನೋಂದಣಿ ಪತ್ರದ ತೂಕ ಬದಲಾಗುವುದಿಲ್ಲ. ಹೀಗಾಗಿ ಅಳವಡಿಸುವ ಮೊದಲು ವಾಹನ ತಯಾರಕರ ವಾರಂಟಿ ನಿಯಮಗಳನ್ನೂ ಪ್ರಾದೇಶಿಕ ಸಾರಿಗೆ ಕಚೇರಿಯ ಅಭಿಪ್ರಾಯವನ್ನೂ ತಿಳಿದುಕೊಳ್ಳುವುದು ಸೂಕ್ತ.