ಚಿತ್ರ ಹೊತ್ತ ಕಾಗದ

ಛಾಯಾಚಿತ್ರವೆಂದ ಕೂಡಲೆ ನಮ್ಮ ಗಮನವೆಲ್ಲ ಕ್ಯಾಮರದ ಮೇಲೆ, ಅದನ್ನು ಹಿಡಿದವರ ಕೈಚಳಕದ ಮೇಲೆ. ಚಿತ್ರವನ್ನು ಹೊತ್ತ ಕಾಗದವನ್ನು ವಿಚಾರಿಸುವವರು ವಿರಳ. ಆದರೆ ಗೋಡೆಯ ಮೇಲಿನ ಅಜ್ಜನ ಪಟ ಮರಿಮಕ್ಕಳ ಕಾಲಕ್ಕೂ ಉಳಿದೀತೇ ಎಂಬುದು ಬಹುಮಟ್ಟಿಗೆ ಆ ಕಾಗದವನ್ನೇ ಅವಲಂಬಿಸಿದೆ. ಇಂದು ಇಂಕ್‌ಜೆಟ್ ಯಂತ್ರದಲ್ಲಿ ಚಿತ್ರ ಮುದ್ರಿಸುವವರ ಮುಂದೆ ಹತ್ತಾರು ಬಗೆಯ ಕಲಾಕಾಗದಗಳಿವೆ. ಅವುಗಳನ್ನು ಪರೀಕ್ಷಿಸುವ ಒರೆಗಲ್ಲು ಮಾತ್ರ ಹೊಸದಲ್ಲ. ಹಿಂದಿನವರು ಪೆಟ್ಟು ತಿಂದು ಕಲಿತದ್ದೇ ಅದಕ್ಕೆ ಮೂಲ.

ಇಂಗ್ಲೆಂಡಿನ ಟಾಲ್ಬಟ್ ೧೮೩೪-೩೫ರಲ್ಲಿ ಒಳ್ಳೆಯ ಬರವಣಿಗೆಯ ಕಾಗದಕ್ಕೆ ಉಪ್ಪುನೀರು ಹಚ್ಚಿ, ಅದರ ಮೇಲೆ ಬೆಳ್ಳಿಯ ಲವಣ ಸವರಿ, ಬಿಸಿಲಿನ ಕೈಯಲ್ಲಿ ಚಿತ್ರ ಬರೆಸಿದನು. ೧೮೪೪ರಿಂದ ೧೮೪೬ರವರೆಗೆ ಕಂತುಕಂತಾಗಿ ಬಂದ ಅವನ ‘ದಿ ಪೆನ್ಸಿಲ್ ಆಫ್ ನೇಚರ್’ ಗ್ರಂಥದ ಅನೇಕ ಚಿತ್ರಗಳು ಬೇಗನೆ ಮಾಸಿದವು. ಕೊಂಡವರು ಗೊಣಗದಿರುತ್ತಾರೆಯೇ? ೧೮೫೫ರಲ್ಲಿ ಲಂಡನ್ನಿನ ಫೋಟೊಗ್ರಾಫಿಕ್ ಸೊಸೈಟಿಯು ಚಿತ್ರ ಮಾಸುವ ಕಾರಣವನ್ನು ಶೋಧಿಸಲೆಂದೇ ಸಮಿತಿಯೊಂದನ್ನು ನೇಮಿಸಿತು. ವಿಕ್ಟೋರಿಯಾ ರಾಣಿಯ ಪತಿ ಆಲ್ಬರ್ಟ್ ಅದಕ್ಕೆ ೫೦ ಪೌಂಡು ನೀಡಿದನು. ಸರಿಯಾಗಿ ತೊಳೆಯದೆ ಉಳಿದ ಹೈಪೊ, ಗಾಳಿಯಲ್ಲಿನ ಗಂಧಕ, ತೇವ—ಇವೇ ಮುಖ್ಯ ಅಪರಾಧಿಗಳೆಂದು ತಿಳಿದುಬಂತು.

೧೮೫೦ರಲ್ಲಿ ಫ್ರಾನ್ಸಿನ ಬ್ಲಾಂಕಾರ್-ಎವ್ರಾರ್ ಮೊಟ್ಟೆಯ ಬಿಳಿಲೋಳೆ ಹಚ್ಚಿದ ಕಾಗದವನ್ನು ಬಳಕೆಗೆ ತಂದಿದ್ದನು. ಚಿತ್ರವು ಕಾಗದದ ನಾರಿನೊಳಗೆ ಇಂಗದೆ ಮೇಲೆಯೇ ನಿಂತು ಸ್ಫುಟವಾಗಿ ಕಾಣುವುದು ಇದರ ಹೆಚ್ಚುಗಾರಿಕೆ. ೧೮೮೮ರಲ್ಲಿ ಡ್ರೆಸ್ಡೆನ್ ನಗರದ ಒಂದೇ ಕಾರ್ಖಾನೆ ದಿನಕ್ಕೆ ಸಾವಿರಾರು ಮೊಟ್ಟೆ ಒಡೆಯುತ್ತಿತ್ತಂತೆ! ಇದಕ್ಕೆ ತಕ್ಕ ಮೂಲ ಕಾಗದ ತಯಾರಾಗುತ್ತಿದ್ದುದು ಮುಖ್ಯವಾಗಿ ಫ್ರಾನ್ಸಿನ ರೀವ್ ಮತ್ತು ಇಂದಿನ ಬೆಲ್ಜಿಯಮ್ಮಿನ ಮಾಲ್ಮೆಡಿಯಲ್ಲಿ. ಕಬ್ಬಿಣದ ಕಣವೊಂದು ಉಳಿದರೂ ಚಿತ್ರದಲ್ಲಿ ಕಲೆ ಏಳುತ್ತಿದ್ದುದರಿಂದ ಅಲ್ಲಿಯ ಶುದ್ಧ ನೀರಿಗೆ ಅಷ್ಟು ಬೆಲೆ. ನಮ್ಮ ಹಳೇಬೀಡಿನ ಶಿಲ್ಪವನ್ನು ಹೊರನಾಡಿಗೆ ಪರಿಚಯಿಸಿದ, ೧೮೬೬ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಧಾರವಾಡ-ಮೈಸೂರು ವಾಸ್ತುಶಿಲ್ಪದ ದೊಡ್ಡ ಗ್ರಂಥಕ್ಕೆ ಅಂಟಿಸಿದ್ದೂ ಇಂಥ ಲೋಳೆಯ ಚಿತ್ರಗಳನ್ನೇ. ಕಾಲಕ್ರಮದಲ್ಲಿ ಹಳದಿಯಾಗುವುದು ಈ ಕಾಗದದ ದೋಷ.

ಮುಂದೆ ಜೆಲಟಿನ್ ಬಂತು. ಅದರ ಕೆಳಗೆ ಬೇರಿಯಂ ಸಲ್ಫೇಟಿನ ಬಿಳುಪು ಪದರ ಬಂತು. ಶತಮಾನ ಮುಗಿಯುವ ಹೊತ್ತಿಗೆ ಕತ್ತಲೆಕೋಣೆಯೇ ಬೇಡವಾಯಿತು. ೧೯೯೧ರಲ್ಲಿ ಗಾಯಕ ಗ್ರಹಾಂ ನ್ಯಾಶ್ ಕ್ಯಾಲಿಫೋರ್ನಿಯದಲ್ಲಿ ಮುದ್ರಣಶಾಲೆ ತೆರೆದು, ಅಚ್ಚಿನ ಕರಡು ತೆಗೆಯಲೆಂದಿದ್ದ ಐರಿಸ್ ಯಂತ್ರದಲ್ಲಿ ಹತ್ತಿಯ ಜಲವರ್ಣ ಕಾಗದದ ಮೇಲೆ ಛಾಯಾಚಿತ್ರ ಮುದ್ರಿಸಿದನು. ನೋಡಲು ಸೊಗಸು, ಆದರೆ ಅದರ ಶಾಯಿ ನೀರಿನಲ್ಲಿ ಕರಗುವ ಬಣ್ಣ, ಬೆಳಕಿಗೆ ಬೇಗ ಮಾಸತೊಡಗಿತು. ಟಾಲ್ಬಟ್ಟನ ಕತೆಯೇ ಮರಳಿ ಬಂದಿತ್ತು! ೨೦೦೦ದ ಸುಮಾರಿಗೆ ಕರಗದ ವರ್ಣಕಣಗಳ ಶಾಯಿ ಮನೆಯ ಯಂತ್ರಗಳಿಗೂ ಬಂದು ಆ ಕೊರತೆ ಬಹಳಷ್ಟು ನೀಗಿತು. ಅದೇ ವರ್ಷ, ಕರಗುವ ಶಾಯಿಯಲ್ಲಿ ಮುದ್ರಿಸಿದ ಒಂದು ಬಗೆಯ ಹೊಳಪು ಕಾಗದದ ಚಿತ್ರಗಳು ಕೆಲವರ ಮನೆಗಳಲ್ಲಿ ಕಿತ್ತಳೆ ಬಣ್ಣಕ್ಕೆ ತಿರುಗಿದವು. ಬೇಗ ಒಣಗಲೆಂದು ಮಾಡಿದ ಸೂಕ್ಷ್ಮರಂಧ್ರಗಳ ಲೇಪದೊಳಗೆ ಗಾಳಿಯ ಓಜೋನ್ ನುಗ್ಗಿ ನೀಲಿಯನ್ನು ತಿಂದುಹಾಕಿತ್ತು.

ಹಾಗಾದರೆ ಕಾಗದವನ್ನು ಆರಿಸುವುದು ಹೇಗೆ? ಮೊದಲು ಮೈ. ಒರಟು ಮ್ಯಾಟ್ ಕಾಗದದಲ್ಲಿ ಕಪ್ಪು ಮೃದು. ಬೇರಿಯಂ ಲೇಪದ ಹೊಳಪಿನಲ್ಲಿ ಕಪ್ಪು ಆಳ. ಮಂಜಿನ ಬೆಟ್ಟಕ್ಕೆ ಒಂದು ಒಪ್ಪಿದರೆ ಇರುಳಿನ ದೀಪೋತ್ಸವಕ್ಕೆ ಇನ್ನೊಂದು. ಎರಡನೆಯದು ಒಡಲು. ಹತ್ತಿಯ ನಾರು, ಇಲ್ಲವೆ ಚೆನ್ನಾಗಿ ಶುದ್ಧಿಮಾಡಿದ ಮರದ ನಾರು, ಆಮ್ಲವಂತೂ ಇರಬಾರದು. ಗಾಳಿಯ ಆಮ್ಲವನ್ನು ತಡೆಯಲು ಕಾಗದದಲ್ಲಿ ಶೇಕಡ ೨ರಷ್ಟು ಸುಣ್ಣದ ಕಾರ್ಬೊನೇಟಿಗೆ ಸಮನಾದ ಕ್ಷಾರವಿರಬೇಕೆಂಬುದು ೧೯೯೪ರ ಅಂತರರಾಷ್ಟ್ರೀಯ ಮಾನಕದ ಒಂದು ನಿಯಮ.

ಮೂರನೆಯದು ಬಿಳುಪು, ಮೋಸಹೋಗುವುದು ಇಲ್ಲಿಯೇ. ಬಿಳಿಯ ಪಂಚೆಗೆ ನೀಲಿ ಹಾಕುವಂತೆ ಅನೇಕ ಕಾಗದಗಳಿಗೆ ಹೊಳಪುಕಾರಕ ಸೇರಿಸುತ್ತಾರೆ. ಅದು ಕಣ್ಣಿಗೆ ಕಾಣದ ಅತಿನೇರಳೆ ಕಿರಣವನ್ನು ಹೀರಿ ನೀಲಿ ಬೆಳಕನ್ನು ಸೂಸುತ್ತದೆ. ಅದರ ಶಕ್ತಿ ಕುಂದಿದಂತೆ ಕಾಗದ ಹಳದಿಗೆ ತಿರುಗುತ್ತದೆ, ಚಿತ್ರದ ಬಣ್ಣದ ಸಮತೋಲ ಕೆಡುತ್ತದೆ. ಖೋಟಾ ನೋಟು ಗುರುತಿಸುವ ದೀಪದ ಕೆಳಗೆ ಕಾಗದವನ್ನು ಹಿಡಿಯಿರಿ. ನೀಲಿಯಾಗಿ ಬೆಳಗಿದರೆ ಹೊಳಪುಕಾರಕ ಉಂಟೆಂದೇ ಅರ್ಥ. ತುಸು ಕೆನೆಬಣ್ಣದ ಕಾಗದ ಮೊದಲ ದಿನ ಮಂಕೆನಿಸಬಹುದು. ಆದರೆ ಅದು ಹುಟ್ಟಿದ ಬಣ್ಣದಲ್ಲಿಯೇ ಬಾಳುವುದು ಹೆಚ್ಚು.

ಪೊಟ್ಟಣದ ಮೇಲೆ ಅಚ್ಚಾದ “ನೂರು ವರ್ಷ”ವೆಂಬ ಮಾತು ತೀವ್ರ ಬೆಳಕಿನಲ್ಲಿ ಕೆಲವು ಕಾಲ ಇಟ್ಟು ಹಾಕಿದ ಲೆಕ್ಕ, ಒಂದು ಶಾಯಿಗೆ ಒಂದು ಕಾಗದವನ್ನು ಜೊತೆಗೂಡಿಸಿ ಕಂಡ ಫಲ. ಶಾಯಿ ಬದಲಾದರೆ ಆ ಲೆಕ್ಕವೂ ಬದಲಾಗುತ್ತದೆ. ಆದ್ದರಿಂದ ಒಂದೇ ಚಿತ್ರದ ಎರಡು ಪಟ್ಟಿಗಳನ್ನು ಮುದ್ರಿಸಿ, ಒಂದನ್ನು ಬಿಸಿಲು ಬೀಳುವ ಕಿಟಕಿಗೂ ಇನ್ನೊಂದನ್ನು ಪುಸ್ತಕದ ನಡುವೆಯೂ ಇಟ್ಟು ಕೆಲವು ತಿಂಗಳು ಕಾಯುವುದು ಒಳ್ಳೆಯದು. ಮದುವೆಯ ಪಟವನ್ನೋ ತಾಯಿಯ ಭಾವಚಿತ್ರವನ್ನೋ ಯಾವ ಕಾಗದಕ್ಕೆ ಒಪ್ಪಿಸಬಹುದೆಂಬುದನ್ನು ಆ ಎರಡು ಪಟ್ಟಿಗಳೇ ಹೇಳುತ್ತವೆ.